ಸ್ಕಾಲರ್‌ಶಿಪ್ ಅರ್ಜಿ: ಓದಿ ನೋಡಿ ಸಹಿ ಹಾಕಿ

(ಕಲಿಕಾ ಕೇಂದ್ರದಲ್ಲಿ ಪೋಷಕರ ಮುಂದೆ ಒಬ್ಬ ನವಸಾಕ್ಷರ ತಾಯಿ ಆಡಿದ ಮಾತು)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡೋದು ನನ್ನ ಕೆಲಸ. "ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳಿ, ಸಾಕು" ಅಂತ ಪ್ರೇರಕಿ ಮೇಡಂ ಅಂದರು. ಅದಕ್ಕೇ ಎದ್ದು ನಿಂತಿದ್ದೀನಿ.

ನಿಮ್ಮಲ್ಲಿ ಯಾರ ಯಾರ ಮಕ್ಕಳು ಈ ವರ್ಷ ಎರಡನೇ ಪಿ.ಯು.ಸಿ. ಓದ್ತಿದ್ದಾರೆ? ಕೈ ಎತ್ತಿ. ಒಂದು, ಎರಡು, ಮೂರು... ಏಳು ಮನೆ. ನನ್ನ ಮಾತು ಮೊದಲು ಆ ಏಳು ಮನೆಗೆ. ಆಮೇಲೆ ಉಳಿದವರಿಗೆ. ಇವತ್ತು ಎಂಟನೇ ತರಗತಿಯಲ್ಲಿ ಇರೋ ಮಗು ನಾಳೆ ಕಾಲೇಜಿಗೆ ಹೋಗಬೇಕಲ್ಲ!

ನಮ್ಮ ಮನೆಯ ಕತೆ

ನನ್ನ ಮಗಳು ಪಿ.ಯು.ಸಿ.ಯನ್ನು ಒಳ್ಳೇ ಅಂಕ ತಗೊಂಡು ಪಾಸು ಮಾಡಿದಳು. ಬಿ.ಕಾಂ.ಗೆ ಸೇರಿದಳು. "ಅವ್ವಾ, ಸ್ಕಾಲರ್‌ಶಿಪ್ ಬರುತ್ತೆ. ಫೀಸಿಗೆ, ಬಸ್ಸಿಗೆ ಚಿಂತೆ ಇಲ್ಲ" ಅಂದಳು. ನಮಗೂ ಧೈರ್ಯ ಬಂತು.

ಪೇಟೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಅಲ್ಲಿ ಹೋಗಿ ಅರ್ಜಿ ಹಾಕಿಸಿದಳು. ಅರ್ಜಿಗೆ ಫೋನ್ ನಂಬರ್ ಬೇಕು ಅಂದರು. ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ನಮ್ಮ ಯಜಮಾನರದು. ಆ ನಂಬರನ್ನೇ ಕೊಟ್ಟಳು. ಯಜಮಾನರು ಫೋನ್ ತಗೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು.

ದಸರಾ ಆಯಿತು. ದೀಪಾವಳಿ ಆಯಿತು. ಸಂಕ್ರಾಂತಿಯೂ ಆಯಿತು. ದುಡ್ಡು ಬರಲಿಲ್ಲ. ಜೊತೆಯ ಹುಡುಗಿಯರಿಗೆ ಬಂತು. ನನ್ನ ಮಗಳಿಗೆ ಮಾತ್ರ ಬರಲಿಲ್ಲ.

ಕೊನೆಗೆ ಕಾಲೇಜಿನಲ್ಲಿ ವಿಚಾರಿಸಿದಳು. ಗುಮಾಸ್ತರು ಕಂಪ್ಯೂಟರ್ ನೋಡಿ ಹೇಳಿದರು. "ನಿನ್ನ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಅವಧಿ ಮುಗಿದಿತ್ತಮ್ಮ. ಹೊಸದು ಕೊಡು ಅಂತ ಫೋನಿಗೆ ಸಂದೇಶ ಹೋಗಿದೆ. ನೀನು ಕೊಡಲಿಲ್ಲ. ಕೊನೆಯ ದಿನಾಂಕ ದಾಟಿತು."

ಸಂದೇಶ ಬಂದದ್ದು ನಿಜ. ಆದರೆ ನಮ್ಮ ಯಜಮಾನರಿಗೆ ಓದಲು ಬರೋದಿಲ್ಲ. ಯಾವುದೋ ಕಂಪನಿಯ ಜಾಹೀರಾತು ಅಂತ ಅಳಿಸಿಬಿಟ್ಟಿದ್ದರು.

ಆ ಪ್ರಮಾಣ ಪತ್ರ ಮಾಡಿಸಿದ್ದು ಮಗಳು ಎಂಟನೇ ತರಗತಿಯಲ್ಲಿದ್ದಾಗ. ಅದರ ಅವಧಿ 5 ವರ್ಷ. ಕಾಗದದ ಮೇಲೇ ಅದನ್ನು ಅಚ್ಚು ಹಾಕಿದ್ದರು. ಆ ಕಾಗದ ಎಲ್ಲಿತ್ತು? ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು! ಸೀರೆಯ ಕೆಳಗೆ ಜೋಪಾನವಾಗಿ ಇಟ್ಟಿದ್ದೆ. ಪ್ರತಿ ಹಬ್ಬಕ್ಕೂ ತೆಗೆದು, ದೂಳು ಒರೆಸಿ, ಮತ್ತೆ ಇಡ್ತಿದ್ದೆ. ಕಾಗದವನ್ನು ಜೋಪಾನ ಮಾಡಿದೆ. ಅದರಲ್ಲಿ ಏನು ಬರೆದಿದೆ ಅಂತ ನನಗೆ ಗೊತ್ತಿರಲಿಲ್ಲ.

ಆ ವರ್ಷ ಎರಡು ಮೇಕೆ ಮಾರಿ ಫೀಸು ಕಟ್ಟಿದೆವು. ಮಗಳು, "ಅವ್ವಾ, ನಾನು ಕಾಲೇಜು ಬಿಡ್ತೀನಿ. ಗಾರ್ಮೆಂಟ್ಸ್‌ಗೆ ಹೋಗ್ತೀನಿ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ವಾರ ನಾನು ಇದೇ ಕೇಂದ್ರಕ್ಕೆ ಬಂದು ಸ್ಲೇಟು ಹಿಡಿದೆ.

ಇದು ಯಾರ ದುಡ್ಡು?

ಕೆಲವರು ಹೇಳ್ತಾರೆ, "ನಾವು ಯಾಕೆ ಸರ್ಕಾರದ ಮುಂದೆ ಕೈ ಚಾಚಬೇಕು?" ಅಂತ. ಅಕ್ಕಂದಿರೇ, ಇದು ಭಿಕ್ಷೆ ಅಲ್ಲ. ಇದು ನಮ್ಮ ಮಕ್ಕಳ ಹಕ್ಕು.

ಡಾ. ಅಂಬೇಡ್ಕರ್ ಅವರ ಪಟ ಈ ಗೋಡೆಯ ಮೇಲೇ ಇದೆ. ಅವರು 1913ರಲ್ಲಿ ಅಮೆರಿಕಕ್ಕೆ ಓದಲು ಹೋದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಹೋದದ್ದು ಸ್ವಂತ ದುಡ್ಡಿನಲ್ಲಿ ಅಲ್ಲ. ಬರೋಡಾ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿ ವೇತನದಲ್ಲಿ. ಆ ವೇತನದಿಂದ ಓದಿದವರು ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಹತ್ತನೇ ತರಗತಿಯ ನಂತರ ಕೊಡುವ ವಿದ್ಯಾರ್ಥಿ ವೇತನ 1944ರಲ್ಲೇ ಶುರುವಾಯಿತು. ಅಂದರೆ ಸ್ವಾತಂತ್ರ್ಯಕ್ಕಿಂತ ಮುಂಚೆ. ದುಡ್ಡು ಇದೆ. ಯೋಜನೆ ಇದೆ. ಆದರೆ ನಡುವೆ ಒಂದು ಅರ್ಜಿ ಇದೆ. ಅಲ್ಲೇ ನಮ್ಮ ಮಕ್ಕಳು ಎಡವುತ್ತಾರೆ.

ಏನೇನು ಸಿಗುತ್ತದೆ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಇವರಿಗೆಲ್ಲ ಬೇರೆ ಬೇರೆ ಇಲಾಖೆಗಳಿವೆ. ನಮ್ಮ ರಾಜ್ಯದಲ್ಲಿ ಅರ್ಜಿ ಹಾಕೋ ಜಾಗ ಮಾತ್ರ ಒಂದೇ. ಅದಕ್ಕೆ ಎಸ್.ಎಸ್.ಪಿ. ಅಂತಾರೆ. ಅಂದರೆ ರಾಜ್ಯ ವಿದ್ಯಾರ್ಥಿ ವೇತನದ ಕಂಪ್ಯೂಟರ್ ತಾಣ.

ಆದಾಯಕ್ಕೆ ಮಿತಿ ಇದೆ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗೆ ತಂದೆ ತಾಯಿಯ ವರ್ಷದ ಆದಾಯ 2,50,000 ರೂಪಾಯಿ ಮೀರಬಾರದು ಅಂತ ಇತ್ತು. ಬೇರೆ ಯೋಜನೆಗಳಿಗೆ ಬೇರೆ ಮಿತಿ. ಅರ್ಜಿ ಹಾಕೋ ವರ್ಷದ ನಿಯಮವನ್ನು ಕೇಳಿ ತಿಳಿಯಿರಿ.

ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ. ಅದು 2013ರಲ್ಲಿ ಶುರುವಾಯಿತು. ಊಟಕ್ಕೆ, ರೂಮಿಗೆ ಅಂತ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಕೊಡೋದು ಅಂತ ಗೊತ್ತು ಮಾಡಿದರು.

ಪಿ.ಯು.ಸಿ.ಯಲ್ಲಿ ಬಹಳ ಚೆನ್ನಾಗಿ ಅಂಕ ತೆಗೆದ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ವೇತನವೂ ಇದೆ. ಅದಕ್ಕೆ ಜಾತಿ ಯಾವುದಾದರೂ ಸರಿ. ಮನೆಯ ಆದಾಯ 4,50,000 ರೂಪಾಯಿಯ ಒಳಗೆ ಇರಬೇಕು. ಪದವಿ ಓದುವಾಗ ವರ್ಷಕ್ಕೆ 12,000 ರೂಪಾಯಿ. ಇದರ ಅರ್ಜಿ ಎಸ್.ಎಸ್.ಪಿ.ಯಲ್ಲಿ ಅಲ್ಲ. ಎನ್.ಎಸ್.ಪಿ. ಅನ್ನೋ ರಾಷ್ಟ್ರೀಯ ತಾಣದಲ್ಲಿ ಹಾಕಬೇಕು.

ಹುಡುಗಿಯರ ತಾಯಂದಿರೇ, ಇದನ್ನು ಗಮನ ಇಟ್ಟು ಕೇಳಿ. 2025ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರ ವಿದ್ಯಾರ್ಥಿ ವೇತನ ನಮ್ಮ ರಾಜ್ಯಕ್ಕೂ ಬಂತು. ಹತ್ತನೇ ತರಗತಿ ಮತ್ತು ಪಿ.ಯು.ಸಿ. ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ, ಮುಂದೆ ಕಾಲೇಜು ಸೇರಿದ ಹುಡುಗಿಯರಿಗೆ ಅದು. ವರ್ಷಕ್ಕೆ 30,000 ರೂಪಾಯಿ. ಕಾಲೇಜಿಗೆ ಸೇರಿದ ಮೊದಲ ವರ್ಷವೇ ಇದನ್ನು ವಿಚಾರಿಸಬೇಕು.

ಗಾರೆ ಕೆಲಸ ಮಾಡೋ ಅಣ್ಣಂದಿರೇ, ನಿಮಗೆ ಕಟ್ಟಡ ಕಾರ್ಮಿಕರ ಕಾರ್ಡು ಇದೆಯಾ? ಇದ್ದರೆ ಆ ಮಂಡಳಿಯಿಂದಲೂ ಮಕ್ಕಳ ಓದಿಗೆ ಸಹಾಯ ಇದೆ. ನಮ್ಮ ಯಜಮಾನರು ಎಷ್ಟೋ ವರ್ಷ ಗಾರೆ ಹೊತ್ತರೂ ಕಾರ್ಡು ಮಾಡಿಸಿರಲಿಲ್ಲ. ಹೋದ ವರ್ಷ ಮಾಡಿಸಿದೆವು.

ಯಾವ ಕಾಗದ ಬೇಕು?

ಎರಡನೇ ಪಿ.ಯು.ಸಿ. ಓದುವಾಗಲೇ ಕಾಗದ ಸಿದ್ಧ ಮಾಡಿಕೊಳ್ಳಿ. ಕಾಲೇಜಿಗೆ ಸೇರಿದ ಮೇಲೆ ಓಡಾಡಿದರೆ ತಡ ಆಗುತ್ತೆ. ಬೆಂಕಿ ಬಿದ್ದಾಗ ಬಾವಿ ತೋಡಬಾರದು.

ಒಂದು: ಮಗುವಿನ ಆಧಾರ್ ಕಾರ್ಡು.
ಎರಡು: ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ.
ಮೂರು: ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಇದನ್ನು ನಾಡಕಚೇರಿಯಲ್ಲಿ ಕೊಡ್ತಾರೆ.
ನಾಲ್ಕು: ಮಗುವಿನ ಹೆಸರಿನಲ್ಲೇ ಇರೋ ಬ್ಯಾಂಕ್ ಪಾಸ್‌ಬುಕ್.
ಐದು: ಕಾಲೇಜಿಗೆ ಸೇರಿದ ಮೇಲೆ ಫೀಸು ಕಟ್ಟಿದ ರಸೀದಿ.

ಇಷ್ಟನ್ನೂ ಒಂದು ಚೀಲದಲ್ಲಿ ಇಡಿ. ಜೆರಾಕ್ಸ್ ಬೇರೆ, ಮೂಲ ಕಾಗದ ಬೇರೆ ಇಡಿ.

ಬೆರಳಿಟ್ಟು ಓದಿ

ಕಾಗದ ಇದ್ದರೆ ಸಾಲದು. ಓದಬೇಕು. ಮೂರು ವಿಷಯ ನೋಡಿ.

ಮೊದಲನೆಯದು ಹೆಸರು. ಆಧಾರ್‌ನಲ್ಲಿ ಇರೋ ಹೆಸರೇ ಅಂಕಪಟ್ಟಿಯಲ್ಲೂ ಇದೆಯಾ? ನಮಗೆ ಲಕ್ಷ್ಮಿ ಅಂದರೂ ಒಂದೇ, ಲಕ್ಷ್ಮಮ್ಮ ಅಂದರೂ ಒಂದೇ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ. ಇನ್ಶಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ ಇದ್ದರೂ ತೊಂದರೆ ಆಗಬಹುದು. ವ್ಯತ್ಯಾಸ ಇದ್ದರೆ ಈಗಲೇ ಆಧಾರ್ ಕೇಂದ್ರದಲ್ಲಿ ಸರಿ ಮಾಡಿಸಿ.

ಎರಡನೆಯದು ತಾರೀಖು. ಆದಾಯ ಪ್ರಮಾಣ ಪತ್ರ ಯಾವತ್ತು ಕೊಟ್ಟದ್ದು? ಯಾವತ್ತಿನವರೆಗೆ ನಡೆಯುತ್ತೆ? ನಾವು ಎಡವಿದ್ದು ಇಲ್ಲೇ. ಅದೇ ಕಾಗದದಲ್ಲಿ ಆರ್.ಡಿ. ಅನ್ನೋ ಅಕ್ಷರದಿಂದ ಶುರುವಾಗೋ ದೊಡ್ಡ ನಂಬರ್ ಇರುತ್ತೆ. ಅರ್ಜಿಯಲ್ಲಿ ಆ ನಂಬರನ್ನೇ ಬರೆಯಬೇಕು. ಒಂದು ಅಂಕಿ ತಪ್ಪಿದರೂ ಆಗೋದಿಲ್ಲ.

ಮೂರನೆಯದು ಬ್ಯಾಂಕು. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ನಮ್ಮ ಬೀದಿಯ ಅಕ್ಕನ ಮಗನಿಗೆ ಎರಡು ಬ್ಯಾಂಕಿನಲ್ಲಿ ಖಾತೆ ಇತ್ತು. ಒಂದು ಊರಿನ ಬ್ಯಾಂಕು. ಇನ್ನೊಂದು ಪೇಟೆಯಲ್ಲಿ ಯಾರೋ ಹೇಳಿದರು ಅಂತ ಆಮೇಲೆ ತೆರೆದದ್ದು. ಹುಡುಗ ಊರಿನ ಪಾಸ್‌ಬುಕ್ಕನ್ನೇ ನೋಡ್ತಾ ಕೂತಿದ್ದ. ದುಡ್ಡು ಪೇಟೆಯ ಖಾತೆಗೆ ಬಂದು ಎರಡು ತಿಂಗಳಾಗಿತ್ತು! ಸರ್ಕಾರದ ದುಡ್ಡು ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಬ್ಯಾಂಕಿಗೆ ಹೋದಾಗ ಸ್ಪಷ್ಟವಾಗಿ ಕೇಳಿ. "ಸಾರ್, ಸ್ಕಾಲರ್‌ಶಿಪ್ ದುಡ್ಡು ಈ ಖಾತೆಗೇ ಬರುತ್ತಾ? ಆಧಾರ್ ಜೋಡಣೆ ಆಗಿದೆಯಾ? ನೋಡಿ ಹೇಳಿ" ಅನ್ನಿ. ಕೇಳೋಕೆ ನಾಚಿಕೆ ಬೇಡ.

ಅರ್ಜಿ ಹಾಕುವಾಗ

ಅರ್ಜಿಗೆ ಸರ್ಕಾರ ದುಡ್ಡು ತಗೊಳ್ಳೋದಿಲ್ಲ. ಅಂಗಡಿಯವರು ತಮ್ಮ ಕೆಲಸದ ಕೂಲಿ ತಗೋತಾರೆ. ಅದು ಬೇರೆ ವಿಷಯ. ಆದರೆ "ಇಷ್ಟು ಕೊಟ್ಟರೆ ಖಂಡಿತ ಮಂಜೂರು ಮಾಡಿಸ್ತೀನಿ" ಅಂದವರನ್ನು ನಂಬಬೇಡಿ. ಫೋನಿಗೆ ಬರೋ ಓ.ಟಿ.ಪಿ. ನಂಬರನ್ನು ಫೋನ್ ಮಾಡಿ ಕೇಳಿದವರಿಗೆ ಹೇಳಲೇಬೇಡಿ.

ಕಂಪ್ಯೂಟರ್‌ನವರು "ಆಯ್ತು ಹೋಗಿ" ಅಂದ ಕೂಡಲೇ ಎದ್ದು ಬರಬೇಡಿ. ಕಳಿಸೋ ಮುಂಚೆ ಒಮ್ಮೆ ಓದಿ. ಹೆಸರು, ಕಾಲೇಜು, ನಂಬರ್ ಎಲ್ಲ ನೋಡಿ. ಕಳಿಸಿದ ಮೇಲೆ ಸ್ವೀಕೃತಿ ಪತ್ರ ಕೇಳಿ ತಗೊಳ್ಳಿ. ಅದರಲ್ಲಿ ಅರ್ಜಿಯ ನಂಬರ್ ಇರುತ್ತೆ.

ಫೋನ್ ನಂಬರ್ ಕೊಡುವಾಗ ಯೋಚನೆ ಮಾಡಿ. ಮನೆಯಲ್ಲೇ ಇರೋ ಫೋನಿನ ನಂಬರ್ ಕೊಡಿ. ಬಂದ ಸಂದೇಶವನ್ನು ಮಗುವಿನ ಕೈಲಿ ಓದಿಸಿ. ನೀವೂ ಓದಿ.

ಅರ್ಜಿ ಹೋದ ಮೇಲೆ ಕಾಲೇಜಿನವರು ಕಾಗದಗಳನ್ನು ದೃಢೀಕರಿಸಬೇಕು. "ನಮ್ಮದು ಆಯ್ತಾ ಸಾರ್?" ಅಂತ ಹದಿನೈದು ದಿನಕ್ಕೊಮ್ಮೆ ಕೇಳ್ತಿರಿ. ಇನ್ನೊಂದು ಮಾತು. ಒಂದು ವರ್ಷ ಬಂದರೆ ಎಲ್ಲ ವರ್ಷವೂ ತಾನಾಗೇ ಬರುತ್ತೆ ಅನ್ಕೋಬೇಡಿ. ಪ್ರತಿ ವರ್ಷ ಅರ್ಜಿ ಹಾಕಬೇಕು. ಕೊನೆಯ ದಿನಾಂಕವೂ ಪ್ರತಿ ವರ್ಷ ಬೇರೆ. ಅದನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಿ.

ಸಾಲದ ವಿಷಯ

ಸ್ಕಾಲರ್‌ಶಿಪ್ ಸಾಲದೇ ಹೋದರೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಇದೆ. 4,00,000 ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಮನೆ, ಜಮೀನು ಅಡಮಾನ ಕೇಳುವಂತಿಲ್ಲ. ಆದರೆ ಸಾಲ ಸಾಲವೇ. ಬಡ್ಡಿ ಸೇರಿಸಿ ತೀರಿಸಬೇಕು. ಸ್ಕಾಲರ್‌ಶಿಪ್ ತೀರಿಸುವ ಹಾಗಿಲ್ಲ. ಅದಕ್ಕೇ ಮೊದಲು ಸ್ಕಾಲರ್‌ಶಿಪ್ಪಿಗೆ ಅರ್ಜಿ. ಆಮೇಲೆ ಸಾಲದ ಮಾತು. ಬಡ್ಡಿಯವರ ಮನೆ ಬಾಗಿಲು ಮಾತ್ರ ಬೇಡ.

ಎರಡನೇ ವರ್ಷ ಏನಾಯಿತು?

ನನ್ನ ಮಗಳು ಎರಡನೇ ವರ್ಷ ಅರ್ಜಿ ಹಾಕುವಾಗ ನಾನೂ ಪಕ್ಕದಲ್ಲಿ ಕೂತೆ. ನಾಡಕಚೇರಿಯಿಂದ ಹೊಸ ಪ್ರಮಾಣ ಪತ್ರ ತಂದಿದ್ದೆವು. ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆ. ಅಂಗಡಿಯ ಹುಡುಗ, "ಬೇಗ ಆಗಲಿ ಅಮ್ಮಾ, ಹಿಂದೆ ಜನ ಇದ್ದಾರೆ" ಅಂದ. "ಇರಪ್ಪಾ, ಹೋದ ಸಲ ಬೇಗ ಮಾಡಿ ಎರಡು ಮೇಕೆ ಹೋಯಿತು" ಅಂದೆ. ಹಿಂದೆ ನಿಂತಿದ್ದವರು ನಕ್ಕರು. ನಾನು ಓದೋದು ನಿಲ್ಲಿಸಲಿಲ್ಲ. ನಂಬರ್ ಓದುವಾಗ ಒಂದು ಸೊನ್ನೆ ಕಡಿಮೆ ಕಂಡಿತು. "ಇಲ್ಲಿ ಒಂದು ಸೊನ್ನೆ ಬಿಟ್ಟಿದ್ದೀಯಪ್ಪಾ" ಅಂದೆ. ಹುಡುಗ ನೋಡಿದ. ಏನೂ ಮಾತಾಡದೆ ಸರಿ ಮಾಡಿದ.

ಆ ವರ್ಷ ದುಡ್ಡು ಬಂತು. ಪಾಸ್‌ಬುಕ್ಕಿನಲ್ಲಿ ಆ ಸಾಲನ್ನು ಮೊದಲು ಓದಿದ್ದು ನಾನೇ. ಮಗಳು ಈಗ ಮೂರನೇ ವರ್ಷದ ಬಿ.ಕಾಂ. ಓದ್ತಿದ್ದಾಳೆ. ಗಾರ್ಮೆಂಟ್ಸ್ ಮಾತು ಮತ್ತೆ ಎತ್ತಿಲ್ಲ.

ನಾನು ಇನ್ನೂ ತಡವರಿಸಿ ಓದ್ತೀನಿ. ಒತ್ತಕ್ಷರ ಬಂದರೆ ನಿಂತು ನಿಂತು ಓದ್ತೀನಿ. ಆದರೆ ನಿಧಾನವಾಗಿ ಓದಿದವರಿಗೇ ತಪ್ಪು ಕಣ್ಣಿಗೆ ಬೀಳುತ್ತೆ. ಅದಕ್ಕೆ ನಾಚಿಕೆ ಪಡಬೇಡಿ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಟ್ರಂಕು ತೆಗೆಯಿರಿ. ಕಾಗದ ಹೊರಗೆ ತೆಗೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಓದಿ, ತಾರೀಖು ಓದಿ. ತಪ್ಪು ಕಂಡರೆ ನಾಳೆ ಬೆಳಿಗ್ಗೆ ನಾಡಕಚೇರಿಗೆ ಹೊರಡಿ. ಒಬ್ಬರೇ ಹೋಗಲು ಅಂಜಿಕೆ ಆದರೆ ನನ್ನನ್ನು ಕರೆಯಿರಿ. ಬಿಸಿಯೂಟ ಮುಗಿಸಿ ಬರ್ತೀನಿ.



ಓದಿ, ಚರ್ಚೆ ಮಾಡಿ

1. ಈ ತಾಯಿಯ ಮಗಳಿಗೆ ಮೊದಲ ವರ್ಷ ಸ್ಕಾಲರ್‌ಶಿಪ್ ಯಾಕೆ ಬರಲಿಲ್ಲ?
2. ನಿಮ್ಮ ಮನೆಯ ಆದಾಯ ಪ್ರಮಾಣ ಪತ್ರದಲ್ಲಿ ಯಾವ ತಾರೀಖು ಇದೆ? ಓದಿ ಬರೆಯಿರಿ.
3. ಸ್ಕಾಲರ್‌ಶಿಪ್ಪಿಗೂ ಸಾಲಕ್ಕೂ ಏನು ವ್ಯತ್ಯಾಸ?
4. ನಿಮ್ಮ ಊರಿನಲ್ಲಿ ಎರಡನೇ ಪಿ.ಯು.ಸಿ. ಓದುತ್ತಿರುವ ಮಕ್ಕಳು ಎಷ್ಟು? ಅವರ ಮನೆಗೆ ಯಾರು ಹೋಗಿ ಈ ವಿಷಯ ತಿಳಿಸುತ್ತೀರಿ?