ಬೆಳಕಿನ ಪೂರ್ವಾಪರ



'ಕರೆಂಟು ಬಂತು', 'ಕರೆಂಟು ಹೋಯಿತು' ಎಂದು ನೆಂಟರ ವಿಷಯದಲ್ಲಿ ಆಡುವಂತೆಯೇ ಆಡುತ್ತೇವೆ. ಆದರೆ ಬಂದ ನೆಂಟರನ್ನು ಯಾವೂರೆಂದು ವಿಚಾರಿಸುವ ನಾವು ವಿದ್ಯುತ್ತನ್ನು ಹಾಗೆ ಕೇಳುವುದಿಲ್ಲ. ಎಲ್ಲ ಸ್ಥಾವರಗಳ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆಯುವುದರಿಂದ ಈ ದೀಪ ಇಂಥದರದೆಂದು ಬೆರಳಿಟ್ಟು ತೋರಿಸಲಾಗದು, ನಿಜ. ಆದರೂ ನಮ್ಮ ಬಳ್ಳಾರಿ ಸೀಮೆ ಆ ಜಾಲಕ್ಕೆ ಏನೇನನ್ನು ಸಲ್ಲಿಸುತ್ತಿದೆ ಎಂಬುದನ್ನು ಅರಿಯಬಹುದು.

ಮೊದಲು ನೀರಿನ ಮಾತು. ಹೊಸಪೇಟೆಯ ಬಳಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಬಳ್ಳಾರಿ ಮದರಾಸಿನಿಂದ ಬಿಡುಗಡೆಗೊಂಡು ಮೈಸೂರು ರಾಜ್ಯವನ್ನು ಸೇರಿದ್ದೂ ಅದೇ ವರ್ಷ. ಅಣೆಕಟ್ಟಿನ ಬುಡದಲ್ಲಿ, ಹಂಪಿಯ ಬಳಿಯ ಕಾಲುವೆಯಲ್ಲಿ, ಎಡದಂಡೆಯ ಮುನಿರಾಬಾದಿನಲ್ಲಿ ವಿದ್ಯುದಾಗಾರಗಳಿವೆ. ಬಲದಂಡೆಯ ವಿದ್ಯುತ್ತಿನಲ್ಲಿ ಆಂಧ್ರಕ್ಕೂ ಪಾಲುಂಟು. ಚಕ್ರವನ್ನು ತಿರುಗಿಸಿದ ನೀರು ಅಲ್ಲಿಗೇ ಮುಗಿದುಹೋಗುವುದಿಲ್ಲ. ಕಾಲುವೆ ಹಿಡಿದು ಸಿರುಗುಪ್ಪದ ಭತ್ತದ ಗದ್ದೆಗೆ ಸಾಗುತ್ತದೆ. ಒಂದೇ ನೀರಿಗೆ ಎರಡು ಕಾಯಕ! ಆದರೆ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ರೈತರ ಎದೆ ನಡುಗಿದ್ದು ಸಹಜವೇ. ಮಳೆಗಾಲದ ಈ ದಾನವನ್ನು ಬೇಸಗೆಯಲ್ಲಿ ನಿರೀಕ್ಷಿಸುವಂತಿಲ್ಲ.

ಆ ಕೊರತೆಯನ್ನು ತುಂಬುವುದು ಕಲ್ಲಿದ್ದಲು. ಕುಡತಿನಿಯ ಶಾಖೋತ್ಪನ್ನ ಸ್ಥಾವರದಲ್ಲಿ 500, 500 ಮತ್ತು 700 ಮೆಗಾವಾಟಿನ ಮೂರು ಘಟಕಗಳಿವೆ. ಒಟ್ಟು 1700 ಮೆಗಾವಾಟು. ತೋರಣಗಲ್ಲಿನಲ್ಲಿ ಕಬ್ಬಿಣದ ಕುಲುಮೆಯಿಂದ ಹೊರಬೀಳುವ ಅನಿಲವನ್ನೂ ಉರಿಸಿ ವಿದ್ಯುತ್ ತೆಗೆಯುತ್ತಾರೆ. ನಮ್ಮ ನೆಲದಲ್ಲಿ ಅದಿರುಂಟು, ಕಲ್ಲಿದ್ದಲಿಲ್ಲ. ಅದು ದೂರದ ಗಣಿಗಳಿಂದ ರೈಲೇರಿ ಬರಬೇಕು. ಉರಿದ ಮೇಲೆ ಸುಮಾರು ಮೂರರಲ್ಲೊಂದು ಪಾಲು ಬೂದಿಯಾಗಿ ಇಲ್ಲಿಯೇ ಉಳಿಯುತ್ತದೆ. ಇಟ್ಟಿಗೆಗೂ ಸಿಮೆಂಟಿಗೂ ಹೋದಷ್ಟು ಹೋಗಿ, ಮಿಕ್ಕದ್ದರ ಭಾರವನ್ನು ಸುತ್ತಲಿನ ಹಳ್ಳಿಗಳು ಹೊರುತ್ತವೆ. ಬೆಳಕು ಊರೂರಿಗೆ ಹಂಚಿಹೋಗುತ್ತದೆ. ಬೂದಿಗೆ ಮಾತ್ರ ಹಂಚಿಕೆಯಿಲ್ಲ.

ವ್ಯರ್ಥ ದುಡಿಮೆಗೆ 'ಹೊಟ್ಟು ಕುಟ್ಟುವುದು' ಎನ್ನುತ್ತೇವೆ. ಸಿರುಗುಪ್ಪದ ಅಕ್ಕಿ ಗಿರಣಿಗಳು ಆ ಮಾತನ್ನು ಸುಳ್ಳುಮಾಡಿವೆ. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು ಬರುತ್ತದೆ. ಅದರ ಉರಿಯಲ್ಲಿ ಭತ್ತ ಬೇಯಿಸುತ್ತಾರೆ. ಉಗಿಯಿಂದ ವಿದ್ಯುತ್ ತೆಗೆಯುವ ಪ್ರಯತ್ನವೂ ಈ ಸೀಮೆಯಲ್ಲಿ ನಡೆದಿದೆ. ದೊಡ್ಡ ಮೊತ್ತವಲ್ಲವಾದರೂ ಗದ್ದೆಯ ಕಸ ರಸವಾಗುವ ದಾರಿ ಇದು.

ಇನ್ನು ಬಿಸಿಲು. ಅದಕ್ಕೆ ನಮ್ಮಲ್ಲಿ ಬರವೆಲ್ಲಿ? ಆದರೆ ಸೌರಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಕಾವಲ್ಲ. ಕಾವು ಏರಿದಷ್ಟೂ ಅದರ ಇಳುವರಿ ಕುಗ್ಗುತ್ತದೆ. ಕುರುಗೋಡಿನ ಬಂಡೆಗಳು ಹಗಲಿನ ಕಾವನ್ನು ಇರುಳಿಗೂ ಇಟ್ಟುಕೊಳ್ಳುತ್ತವೆ. ಫಲಕಕ್ಕೆ ಆ ಗುಣವಿಲ್ಲ. ಸಂಜೆ ನಾವು ದೀಪ ಹಚ್ಚುವ ಹೊತ್ತಿಗೆ ಅದು ಕಣ್ಣು ಮುಚ್ಚಿರುತ್ತದೆ.

ಹೀಗೆ ಪ್ರತಿಯೊಂದು ಶಕ್ತಿಗೂ ಅದರದೇ ಹೊತ್ತುಂಟು, ಅದರದೇ ಬೆಲೆಯುಂಟು. ಹೊತ್ತನ್ನರಿತು ಬಳಸುವುದೇ ವಿವೇಕ. ಪಂಪಿಗೆ ಕರೆಂಟು ನಡುರಾತ್ರಿ ಬಂದರೆ ರೈತ ಹಾವು ಚೇಳುಗಳ ನಡುವೆ ಹೊಲಕ್ಕೆ ನಡೆಯಬೇಕು. ಹಗಲಿನ ಸೌರವಿದ್ಯುತ್ತು ಮೊದಲು ಸಲ್ಲಬೇಕಾದದ್ದು ಅವನಿಗೆ. ಪಟ್ಟಣಿಗರಾದ ನಮಗೂ ಒಂದು ಕರ್ತವ್ಯವಿದೆ. ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಪಾಲಿನಷ್ಟೇ ವಿದ್ಯುತ್ತಾಗುತ್ತದೆ. ನೆತ್ತಿಯ ಮೇಲೆ ಬಳ್ಳಾರಿಯ ಸೂರ್ಯನಿರುವಾಗ, ದೂರದ ಗಣಿಯ ಕಲ್ಲಿದ್ದಲನ್ನು ತರಿಸಿ ಸ್ನಾನದ ನೀರು ಕಾಯಿಸುವುದು ಯಾವ ಜಾಣತನ? ಮಹಡಿಯ ಮೇಲೊಂದು ಸೌರ ಹಂಡೆಯಿದ್ದರೆ ಕುಡತಿನಿಯಲ್ಲಿ ಅಷ್ಟು ಬೂದಿ ಕಡಮೆಯಾದೀತು.