ಪಟ್ಟುಗಳಿಗೊಂದು ಕ್ರಮ



ಕುಸ್ತಿಯಾಗಲಿ, ಕರಾಟೆಯಾಗಲಿ, ಕಳರಿಪಯಟ್ಟಾಗಲಿ, ಕಲಿಯಲು ಹೋದವನಿಗೆ ಮೊದಲು ಕಾಣುವುದು ಪಟ್ಟುಗಳ ರಾಶಿ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಕ್ಕೂ ತಳದಲ್ಲಿರುವ ತತ್ತ್ವ ಯಾವುದು? ಇದನ್ನು ಗೊತ್ತುಮಾಡಿದವರ ಚರಿತ್ರೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅದರಲ್ಲಿ ದೊಡ್ಡ ಪಾಲು ಜೂಡೊ ರೂಪಿಸಿದ ಜಪಾನಿನ ಜಿಗೊರೊ ಕಾನೊ ಅವರದು.

1876ರಲ್ಲಿ ಜಪಾನ್ ಸರ್ಕಾರ ಸಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಿತು. ಯೋಧರ ಕಲೆಗಳಿಗೆ ಬೆಲೆ ಕುಗ್ಗಿ, ಜುಜುತ್ಸು ಎಂಬ ಹಳೆಯ ಬರಿಗೈ ಕಾಳಗದ ಗುರುಗಳಿಗೆ ಶಿಷ್ಯರೇ ಸಿಗದ ಕಾಲ ಅದು. ಮರುವರ್ಷ, ಸಣ್ಣ ಮೈಕಟ್ಟಿನ ವಿದ್ಯಾರ್ಥಿ ಕಾನೊ, ಹಚಿನೊಸುಕೆ ಫುಕುದಾ ಎಂಬ ಗುರುಗಳ ಬಳಿ ಸೇರಿದರು. ಒಂದು ದಿನ ಗುರು ಎಸೆದಾಗ, ಇದನ್ನು ಹೇಗೆ ಮಾಡಿದಿರಿ ಎಂದು ಶಿಷ್ಯ ಕೇಳಿದ. ಗುರು ಉತ್ತರ ಕೊಡಲಿಲ್ಲ, ಹತ್ತಿರ ಕರೆದು ಮತ್ತೆ ಎಸೆದರು. ಕೈ ಎಲ್ಲಿ, ಕಾಲು ಎಲ್ಲಿ ಎಂದು ಕೇಳಿದಷ್ಟೂ ಸಲ ಎಸೆತವೇ ಉತ್ತರ. ಬಿದ್ದು ಬಿದ್ದು ಮೈಗೂಡಿಸಿಕೊಳ್ಳಬೇಕು ಎಂಬುದು ಆ ಪರಂಪರೆಯ ಪದ್ಧತಿ. ಒಬ್ಬ ಗುರುವಿಗೆ ಬೆರಳೆಣಿಕೆಯ ಶಿಷ್ಯರಿದ್ದಾಗ ಅದು ನಡೆಯುತ್ತಿತ್ತು; ದೊಡ್ಡ ಗುಂಪಿಗೆ ಕಲಿಸಲು ಅದು ಸಾಲದು.

1882ರಲ್ಲಿ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಕಾನೊ ತಮ್ಮದೇ ಕೊಡೊಕಾನ್ ಶಾಲೆ ತೆರೆದರು. ಮುಂದೆ ಕಿತೊ ಪರಂಪರೆಯ ಗುರು ಈಕುಬೊ ಜೊತೆ ಅಭ್ಯಾಸ ಮಾಡುವಾಗ ಅವರಿಗೆ ಒಂದು ವಿಷಯ ಹೊಳೆಯಿತು: ಎದುರಾಳಿಯ ಸಮತೋಲ ಕೆಡುವ ಮುಂಚೆ ಯಾವ ಪಟ್ಟೂ ಹತ್ತುವುದಿಲ್ಲ. ಅಲ್ಲಿಂದ ಪ್ರತಿ ಎಸೆತವನ್ನೂ ಮೂರು ಹಂತವಾಗಿ ಬಿಡಿಸಿ ಹೇಳಿಕೊಡುವುದು ರೂಢಿಗೆ ಬಂತು. 'ಒಸೊತೊ ಗರಿ' ಎಂಬ ಎಸೆತವನ್ನೇ ನೋಡಿ. ತೋಳು, ಕೊರಳಪಟ್ಟಿ ಹಿಡಿದು ಎದುರಾಳಿಯ ಭಾರವೆಲ್ಲ ಅವನ ಬಲ ಹಿಮ್ಮಡಿಗೆ ಬರುವಂತೆ ಮಾಡುವುದು ಕುಜುಶಿ. ಎಡಗಾಲನ್ನು ಅವನ ಬಲಪಾದದ ಪಕ್ಕಕ್ಕಿಟ್ಟು, ಎದೆಗೆ ಎದೆ ತಾಗುವಷ್ಟು ಹತ್ತಿರ ನಿಲ್ಲುವುದು ತ್ಸುಕುರಿ. ಬಲಗಾಲು ಬೀಸಿ ಅವನ ಕಾಲನ್ನು ಹಿಂದಿನಿಂದ ಕತ್ತರಿಸಿ ಕೆಡವುವುದು ಕಾಕೆ. ಎಸೆತ ತಪ್ಪಿದರೆ ಯಾವ ಹಂತದಲ್ಲಿ ತಪ್ಪಿತು ಎಂದು ಈಗ ಹುಡುಗನೇ ಹೇಳಬಲ್ಲ.

ಇಷ್ಟಾದ ಮೇಲೆ ವಿಂಗಡಣೆ. ಕೊಡೊಕಾನ್ ಎಸೆತಗಳನ್ನು ಎರಡು ಬಗೆಯಲ್ಲಿ ಜೋಡಿಸಿತು. ಒಂದು ಅಂಗದ ಲೆಕ್ಕ: ಕೈಯದು, ಸೊಂಟದ್ದು, ಕಾಲಿನದು, ತಾನೂ ಬಿದ್ದು ಎಸೆಯುವುದು. ಇನ್ನೊಂದು ಪಾಠದ ಲೆಕ್ಕ, ಅದೇ 'ಗೊಕ್ಯೊ'. 1895ರಲ್ಲಿ ರೂಪಿಸಿ 1920ರಲ್ಲಿ ತಿದ್ದಿದ ಈ ಪಾಠಕ್ರಮದಲ್ಲಿ 5 ವರ್ಗ, ಪ್ರತಿ ವರ್ಗಕ್ಕೆ 8, ಒಟ್ಟು 40 ಎಸೆತಗಳು. ಮೊದಲ ಎರಡು ವರ್ಗಗಳಲ್ಲಿ ಎಸೆಯುವವನು ನಿಂತೇ ಇರುತ್ತಾನೆ. ತಾನೇ ನೆಲಕ್ಕೊರಗಿ ಎಸೆಯುವ ಪಟ್ಟು ಬರುವುದು ಮೂರನೆಯ ವರ್ಗದಲ್ಲಿ, ಕಲಿಯುವವರಿಬ್ಬರಿಗೂ ಬೀಳುವುದು ಚೆನ್ನಾಗಿ ಬಂದ ಮೇಲೆ. ಮಕ್ಕಳ ಮೈಮೂಳೆಯ ಮೇಲಿನ ಈ ಕಾಳಜಿಯನ್ನು ನಾನು ಕಾನೊ ಅವರ ದೊಡ್ಡ ಸಾಧನೆ ಎಂದೇ ತಿಳಿಯುತ್ತೇನೆ.

ಕರಾಟೆಯ ತವರಾದ ಒಕಿನಾವದಲ್ಲಿ ಅಂಕೊ ಇತೊಸು ಎಂಬ ಗುರು ಹಿಡಿದ ದಾರಿ ಬೇರೆ. ಕರಾಟೆಯ ಪಟ್ಟುಗಳು 'ಕಾತಾ' ಎಂಬ ಉದ್ದನೆಯ ಸರಣಿಗಳಲ್ಲಿ ಹೆಣೆದುಕೊಂಡಿದ್ದವು. 20ನೇ ಶತಮಾನದ ಆರಂಭದಲ್ಲಿ ಅವರು ಶಾಲಾ ಮಕ್ಕಳಿಗೆಂದು 5 ಚಿಕ್ಕ 'ಪಿನಾನ್' ಕಾತಾಗಳನ್ನು ಕೊಟ್ಟರು. ಕೇರಳದ ಕಳರಿಯಲ್ಲಿ ಕ್ರಮವೇ ಕುತೂಹಲದ್ದು. ಮೊದಲು ಮೈ ಪಳಗಿಸುವ ಮೆಯ್‌ತಾರಿ, ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿಯಂಥ ಆಯುಧಗಳು, ಕೊನೆಗೆ ಬರಿಗೈ. ಆಯುಧ ಹಿಡಿದವನನ್ನು ಬರಿಗೈಯಲ್ಲಿ ಎದುರಿಸಬೇಕಾದವನಿಗೆ ಆಯುಧದ ನಡೆ ಮೊದಲೇ ಗೊತ್ತಿರಬೇಕಲ್ಲ!

ನಮ್ಮ ನೆಲದಲ್ಲೂ ಇಂಥ ವಿಂಗಡಣೆಯ ಕೆಲಸ ನಡೆದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ವಯಸ್ಸು, ಗಾತ್ರ, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು, ಅವರ ಆಹಾರ, ವ್ಯಾಯಾಮ ಎಲ್ಲವೂ ಅಲ್ಲಿ ಬಂದಿವೆ.

ನಿಮ್ಮೂರಿನಲ್ಲಿ ಗರಡಿ ಮನೆ ಇದ್ದರೆ, ಅಲ್ಲಿ ವಯಸ್ಸಾದ ಉಸ್ತಾದರಿದ್ದರೆ, ಒಂದು ನೋಟ್‌ಬುಕ್ ಹಿಡಿದು ಹೋಗಿ. ಅವರು ಹುಡುಗರಿಗೆ ಯಾವ ಪಟ್ಟನ್ನು ಮೊದಲು ಹೇಳಿಕೊಡುತ್ತಾರೆ, ಯಾವುದನ್ನು ತಡಮಾಡಿ ಕೊಡುತ್ತಾರೆ, ಏಕೆ, ಕೇಳಿ ಬರೆದಿಟ್ಟುಕೊಳ್ಳಿ.