ಐದು ಬಟ್ಟಲು, ಇಪ್ಪತ್ತೈದು ಕಾಳು

ಅಡುಗೆಮನೆಯಿಂದ 10 ಅವರೆಕಾಳು, 12 ಹುರುಳಿಕಾಳು, 3 ಹೆಸರುಕಾಳು ಕೇಳಿ ತನ್ನಿ. ಐದು ಬಟ್ಟಲೂ ಬೇಕು. ಮೊದಲ ಮೂರು ಬಟ್ಟಲಿಗೆ ತಲಾ 3 ಅವರೆ, 2 ಹುರುಳಿ ಹಾಕಿ. ನಾಲ್ಕನೆಯದಕ್ಕೆ 1 ಅವರೆ, 4 ಹುರುಳಿ. ಐದನೆಯದಕ್ಕೆ 2 ಹುರುಳಿ, 3 ಹೆಸರು. ಪ್ರತಿ ಬಟ್ಟಲಲ್ಲೂ ಐದೈದೇ ಕಾಳು ಇರಬೇಕು. ಯಾವ ಬಟ್ಟಲಲ್ಲಿ ಯಾವ ಕಾಳು ಹೆಚ್ಚೋ ಆ ಬಟ್ಟಲು ಆ ಕಾಳಿಗೆ. ಆಟಕ್ಕೆ ಇರುವುದು ಇದೊಂದೇ ನಿಯಮ.

ಈಗ ಎಣಿಸಿ. ಅವರೆಗೆ ಮೂರು ಬಟ್ಟಲು, ಹುರುಳಿಗೆ ಒಂದು, ಹೆಸರಿಗೆ ಒಂದು. ಕಾಳಿನ ಲೆಕ್ಕದಲ್ಲಿ ಹುರುಳಿಯೇ ಮುಂದಿತ್ತು. ಬಟ್ಟಲಿನ ಲೆಕ್ಕದಲ್ಲಿ ಅವರೆ ಗೆದ್ದಿತು. ಬರೀ ಮೂರೇ ಇದ್ದ ಹೆಸರುಕಾಳು ಹುರುಳಿಯ ಸಮಕ್ಕೆ ಬಂದು ನಿಂತಿತು.

ಈಗ ಒಂದು ಸಣ್ಣ ಬದಲಾವಣೆ ಮಾಡೋಣ. ಐದನೇ ಬಟ್ಟಲಿನ ಎರಡು ಹೆಸರುಕಾಳನ್ನು ಎತ್ತಿ ಒಂದನೇ ಬಟ್ಟಲಿಗೊಂದು, ಎರಡನೆಯದಕ್ಕೊಂದು ಹಾಕಿ. ಬದಲಿಗೆ ಆ ಎರಡರಿಂದಲೂ ಒಂದೊಂದು ಹುರುಳಿಯನ್ನು ಐದನೆಯದಕ್ಕೆ ತನ್ನಿ. ಹೆಸರುಕಾಳು ಈಗಲೂ ಮೂರೇ, ಒಂದೂ ಕಳೆದಿಲ್ಲ. ಆದರೆ ಅದಕ್ಕೆ ಒಂದು ಬಟ್ಟಲೂ ಉಳಿಯಲಿಲ್ಲ! ಎಷ್ಟು ಕಾಳು ಇದೆ ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎನ್ನುವುದು.

ನಮ್ಮ ವಿಧಾನಸಭೆ ತುಂಬುವುದೂ ಹೀಗೆಯೇ. ಕರ್ನಾಟಕದಲ್ಲಿ 224 ಕ್ಷೇತ್ರಗಳಿವೆ. ಒಂದೊಂದು ಕ್ಷೇತ್ರದಿಂದಲೂ ಹೆಚ್ಚು ಮತ ಪಡೆದ ಒಬ್ಬರು ಶಾಸಕರಾಗುತ್ತಾರೆ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿಲ್ಲ, ಎರಡನೆಯವರಿಗಿಂತ ಒಂದೇ ಒಂದು ಮತ ಹೆಚ್ಚಿದ್ದರೂ ಸಾಕು. 2023ರ ಮೇ ತಿಂಗಳ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದಲ್ಲಿ ಸೋಲು-ಗೆಲುವಿನ ನಡುವೆ ಇದ್ದದ್ದು ಬರೀ 16 ಮತ. ಒಂದು ದೊಡ್ಡ ಮನೆತನದ ಮಂದಿ ಮಧ್ಯಾಹ್ನ ಮಲಗಿಬಿಟ್ಟಿದ್ದರೆ ಫಲಿತಾಂಶ ತಿರುಗಿಬಿಡಬಹುದಾಗಿದ್ದ ಅಂತರ ಅದು.

ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಬಂತು, ಬಿಜೆಪಿಗೆ 66, ಜೆಡಿಎಸ್‌ಗೆ 19. ಎರಡು ಸಣ್ಣ ಪಕ್ಷಗಳಿಗೆ ಒಂದೊಂದು, ಪಕ್ಷವೇ ಇಲ್ಲದ ಪಕ್ಷೇತರರು ಇಬ್ಬರು. ಕೂಡಿ ನೋಡಿ, 224 ಸರಿಯಾಗುತ್ತದೆ. ಇನ್ನು ಮತಗಳ ಕಡೆ ಬನ್ನಿ. ರಾಜ್ಯದಲ್ಲಿ ಬಿದ್ದ ಪ್ರತಿ ನೂರು ಮತದಲ್ಲಿ ಕಾಂಗ್ರೆಸ್ಸಿಗೆ ಸುಮಾರು 43, ಬಿಜೆಪಿಗೆ 36, ಜೆಡಿಎಸ್‌ಗೆ 13. ನೂರಕ್ಕೆ 43 ಮತ ಪಡೆದವರಿಗೆ ನೂರಕ್ಕೆ 60 ಸ್ಥಾನ ಸಿಕ್ಕಿತು.

ಇದಕ್ಕಿಂತ ಸ್ವಾರಸ್ಯವಾದದ್ದು 2018ರ ಲೆಕ್ಕ. ಆಗಲೂ ಬಿಜೆಪಿಗೆ ಬಂದದ್ದು ನೂರಕ್ಕೆ ಸುಮಾರು 36 ಮತವೇ, ಆದರೆ ಸ್ಥಾನ 104! ಅದಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 38 ಮತ ಪಡೆದ ಕಾಂಗ್ರೆಸ್ಸಿಗೆ ಬಂದದ್ದು 78 ಸ್ಥಾನ. ನಿಮ್ಮ ಹುರುಳಿಗೆ ಆದದ್ದೇ ಅಲ್ಲೂ ಆಯಿತು. ಮುಂದಿನ ಐದು ವರ್ಷದಲ್ಲಿ ಬಿಜೆಪಿಯ ಪಾಲು ಹೆಚ್ಚೂಕಡಿಮೆ ಅಷ್ಟೇ ಉಳಿಯಿತು. ಜೆಡಿಎಸ್ ಪಾಲು 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ಸಿನದು 43ಕ್ಕೆ ಏರಿತು. ತನ್ನ ಕಾಳು ಕದಲದಿದ್ದರೂ ಪಕ್ಕದ ಕಾಳು ಹೆಚ್ಚಾದರೆ ಬಟ್ಟಲು ಕೈತಪ್ಪುತ್ತದೆ. ಚುನಾವಣೆಯ ಗಣಿತದಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿ ಎನಿಸುವುದು ಇದೇ.

ಈಗ ನಮ್ಮ ಹಾಸನ ಜಿಲ್ಲೆಗೆ ಬರೋಣ. ಇಲ್ಲಿ ಏಳು ಕ್ಷೇತ್ರ: ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ. ಚನ್ನರಾಯಪಟ್ಟಣ ಎಲ್ಲಿ ಹೋಯಿತು ಎಂದು ಹುಡುಕಬೇಡಿ. ತಾಲ್ಲೂಕಿಗೆ ಅದರ ಹೆಸರು, ಕ್ಷೇತ್ರಕ್ಕೆ ಮಾತ್ರ ಅದೇ ತಾಲ್ಲೂಕಿನ ಹೋಬಳಿಯಾದ ಶ್ರವಣಬೆಳಗೊಳದ ಹೆಸರು. ತಾಲ್ಲೂಕಿನ ಗಡಿ ಬೇರೆ, ಕ್ಷೇತ್ರದ ಗಡಿ ಬೇರೆ. ಶಾಂತಿಗ್ರಾಮ ಇರುವುದು ಹಾಸನ ತಾಲ್ಲೂಕಿನಲ್ಲಿ, ಅಲ್ಲಿಯವರು ಮತ ಹಾಕುವುದು ಹೊಳೆನರಸೀಪುರ ಕ್ಷೇತ್ರಕ್ಕೆ. 2008ಕ್ಕೆ ಮುಂಚೆ ಗಂಡಸಿ ಎಂಬ ಎಂಟನೇ ಕ್ಷೇತ್ರವೂ ಇತ್ತು. ಜನಸಂಖ್ಯೆ ನೋಡಿಕೊಂಡು ಗಡಿಗಳನ್ನು ಹೊಸದಾಗಿ ಎಳೆದಾಗ ಅದು ಇಲ್ಲವಾಯಿತು.

2023ರಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಶ್ರವಣಬೆಳಗೊಳ ಈ ನಾಲ್ಕೂ ಜೆಡಿಎಸ್ ಪಾಲಾದವು. ಬೇಲೂರು, ಸಕಲೇಶಪುರ ಬಿಜೆಪಿಗೆ, ಅರಸೀಕೆರೆ ಕಾಂಗ್ರೆಸ್ಸಿಗೆ ಹೋದವು. ಜೆಡಿಎಸ್‌ಗೆ ಇಡೀ ರಾಜ್ಯದಲ್ಲಿ ಸಿಕ್ಕ 19ರಲ್ಲಿ ನಾಲ್ಕು ಒಂದೇ ಜಿಲ್ಲೆಯವು! ಐದನೇ ಬಟ್ಟಲಲ್ಲಿ ಒಟ್ಟಾಗಿದ್ದ ಹೆಸರುಕಾಳು ನೆನಪಾಯಿತೇ? ಈ ಪಕ್ಷದ ಹಿರಿಯರಾದ ಎಚ್.ಡಿ. ದೇವೇಗೌಡರು ಹುಟ್ಟಿದ್ದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. 1962ರಲ್ಲಿ ಅವರು ಮೊದಲ ಸಲ ವಿಧಾನಸಭೆಗೆ ಆರಿಸಿ ಬಂದದ್ದು ಹೊಳೆನರಸೀಪುರದಿಂದ, ಅದೂ ಪಕ್ಷೇತರರಾಗಿ. 1996ರಲ್ಲಿ ದೇಶದ ಪ್ರಧಾನಿಯಾದರು. ಆದರೂ ಈ ಬಟ್ಟಲುಗಳು ಯಾರಿಗೂ ಬರೆದುಕೊಟ್ಟ ಆಸ್ತಿಯಲ್ಲ. ದೇವೇಗೌಡರೇ 1989ರಲ್ಲಿ ಹೊಳೆನರಸೀಪುರದಲ್ಲಿ ಸೋತಿದ್ದರು. 2018ರಲ್ಲಿ ಜಿಲ್ಲೆಯ ಏಳರಲ್ಲಿ ಆರು ಜೆಡಿಎಸ್‌ಗೆ ಬಂದಾಗ ಹಾಸನ ಪಟ್ಟಣದ ಕ್ಷೇತ್ರ ಬಿಜೆಪಿಗೆ ಹೋಗಿತ್ತು. 2023ರಲ್ಲಿ ಹೊಳೆನರಸೀಪುರದ ಗೆಲುವಿನ ಅಂತರ ಸುಮಾರು ಮೂರು ಸಾವಿರ ಮತಕ್ಕೆ ಇಳಿಯಿತು.

ಸರ್ಕಾರ ಮಾಡಲು ಎಷ್ಟು ಜನ ಬೇಕು? 224ರ ಅರ್ಧ 112. ಅಷ್ಟೇ ಇದ್ದರೆ ಎದುರು ಬದಿಯಲ್ಲೂ 112, ಸರಿಸಮ. ಒಬ್ಬರು ಹೆಚ್ಚಬೇಕು, ಅಂದರೆ 113. 2018ರಲ್ಲಿ ಮೊದಲು ಚುನಾವಣೆ ನಡೆದದ್ದು 222 ಕ್ಷೇತ್ರಗಳಿಗೆ, ಹಾಗಾಗಿ 112 ಬೇಕಿತ್ತು. ಬಿಜೆಪಿಯ 104 ಸಾಲಲಿಲ್ಲ. ಕಾಂಗ್ರೆಸ್ಸಿನ 78, ಜೆಡಿಎಸ್‌ನ 37 ಸೇರಿದರೆ 115. ಹಾಗೆ ಹರದನಹಳ್ಳಿಯಲ್ಲೇ ಹುಟ್ಟಿದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. 2019ರ ಜುಲೈನಲ್ಲಿ ಸದನದಲ್ಲಿ ಮತ್ತೆ ಎಣಿಕೆ ನಡೆಯಿತು. ಅವರ ಪರ 99, ವಿರುದ್ಧ 105. ಸರ್ಕಾರ ಬಿತ್ತು. ಮೂರನೇ ದೊಡ್ಡ ಪಕ್ಷವೂ ಯಾರಿಗೂ ಬಹುಮತ ಇಲ್ಲದ ಹೊತ್ತಿನಲ್ಲಿ ತಕ್ಕಡಿ ಯಾವ ಕಡೆ ವಾಲಬೇಕು ಎಂಬುದನ್ನು ತೀರ್ಮಾನಿಸಬಲ್ಲದು.

ಮತ ಮತ್ತು ಸ್ಥಾನದ ಈ ಅಂತರ ಬೇಡ ಎಂದು ಬೇರೆ ದಾರಿ ಹಿಡಿದ ದೇಶಗಳೂ ಇವೆ. ನ್ಯೂಜಿಲೆಂಡಿನವರು 1996ರಿಂದ ಎರಡು ಮತ ಹಾಕುತ್ತಾರೆ. ತಮ್ಮ ಕ್ಷೇತ್ರದ ವ್ಯಕ್ತಿಗೆ ಒಂದು, ಮೆಚ್ಚಿದ ಪಕ್ಷಕ್ಕೆ ಇನ್ನೊಂದು. ಪಕ್ಷದ ಮತ ಎಷ್ಟೋ ಹೆಚ್ಚೂಕಡಿಮೆ ಅಷ್ಟೇ ಪಾಲಿನ ಸ್ಥಾನ. ನಮ್ಮ ಪದ್ಧತಿಯಲ್ಲೂ ಒಂದು ಅನುಕೂಲ ಉಂಟು: ನಮ್ಮ ಊರಿನ ಶಾಸಕರು ಇವರೇ ಎಂದು ಬೆರಳು ಮಾಡಿ ತೋರಿಸಬಹುದು.

ಎಣಿಕೆಯನ್ನು ಇನ್ನೊಂದು ರೀತಿಯಲ್ಲೂ ಮಾಡಿ ನೋಡಬೇಕು. 2023ರಲ್ಲಿ ಗೆದ್ದ 224 ಜನರಲ್ಲಿ ಹೆಣ್ಣುಮಕ್ಕಳು ಬರೀ 10. ಹಾಸನ ಜಿಲ್ಲೆಯ ಏಳು ಜನರಲ್ಲಿ ಒಬ್ಬರೂ ಇಲ್ಲ. ನಿಮ್ಮ ತರಗತಿಯಲ್ಲಿ ಹುಡುಗಿಯರು ಎಷ್ಟು ಜನ ಇದ್ದಾರೆ ಎಂದು ಎಣಿಸಿ ಈ ಲೆಕ್ಕದ ಪಕ್ಕದಲ್ಲಿಟ್ಟರೆ ಸಂಕಟವಾಗುತ್ತದೆ. ಪರಿಶಿಷ್ಟ ಜಾತಿಯವರಿಗೆ 36, ಪರಿಶಿಷ್ಟ ಪಂಗಡದವರಿಗೆ 15 ಕ್ಷೇತ್ರಗಳು ಮೀಸಲಾಗಿವೆ. ನಮ್ಮ ಜಿಲ್ಲೆಯ ಸಕಲೇಶಪುರ ಆ 36ರಲ್ಲಿ ಒಂದು. ಮಹಿಳೆಯರಿಗೂ ಮೂರರಲ್ಲೊಂದು ಪಾಲು ಮೀಸಲಿಡಬೇಕೆಂದು 2023ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಿತು. ಈಗಿನ 224ರ ಲೆಕ್ಕದಲ್ಲೇ ಅದು ಸುಮಾರು 75 ಸ್ಥಾನ. ಜನಗಣತಿ ನಡೆದು, ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆದ ಮೇಲೆ ಅದು ಜಾರಿಗೆ ಬರಬೇಕು ಎಂದು ಆ ತಿದ್ದುಪಡಿಯೇ ಹೇಳುತ್ತದೆ.